ಹೊಳೆಯಾಚೆಯ ಮಾತು

ನಮ್ಮೂರು ಹಲವಾಗಲು ತುಂಗಭದ್ರೆಯ ದಡದಲ್ಲಿದೆ. ಹೊಳೆ ಉಕ್ಕಿದರೆ ಗರ್ಭಗುಡಿ ಎಂಬ ಊರಿಗೆ ಹೋಗುವ ದಾರಿ ಮುಳುಗುತ್ತದೆ. ನನ್ನ ಅಜ್ಜಿ ಆಚೆ ದಡದ ರಾಣೆಬೆನ್ನೂರು ಸೀಮೆಯವಳು, ಹರಿಗೋಲಿನಲ್ಲಿ ಕೂತು ಗಂಡನ ಮನೆಗೆ ಬಂದವಳು. ಅವಳಿಗದು ಬರೀ ಹೊಳೆ, ಸರ್ಕಾರಕ್ಕೆ ಗಡಿ. ಈಚೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಮೇಲೆ ಹರಿಹರದ ಕಡೆ ಮೈಸೂರು ಅರಸರ ಸೀಮೆ. 1953ರ ವರೆಗೂ ನಾವು ಮದ್ರಾಸಿಗೆ ಸೇರಿದವರು.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು, ಮಗಳು ಜರ್ಮನಿಗೆ ಕರೆಸಿಕೊಂಡಾಗ ಕೇಳಿದ್ದು ಒಂದೇ ಊರು, ಟ್ಯೂಬಿಂಗನ್. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ನೆಕ್ಕರ್ ನದಿಯ ಮೇಲಿನ ಸೇತುವೆಗೆ ಬಂದರೆ ದಡಕ್ಕೆ ಒತ್ತಿಕೊಂಡ ಬಣ್ಣದ ಮನೆಗಳು, ಅವುಗಳ ಪಕ್ಕದಲ್ಲೇ ಕವಿ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೂ ಬದುಕಿದ ಹಳದಿ ಗೋಪುರ. ಪ್ರವಾಸಿಗರೆಲ್ಲ ಅದರ ಫೋಟೋ ತೆಗೆಯುತ್ತಿದ್ದರು. ನನಗೆ ನೆನಪಾದವರು ಹರ್ಮನ್ ಮೋಗ್ಲಿಂಗ್. ಅವರು ಓದಿದ್ದು ಇದೇ ಊರಿನಲ್ಲಿ. 1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು.

ಗಲ್ಲಿಗಳನ್ನು ಏರಿ ಹೋದರೆ ದೊಡ್ಡ ಇಗರ್ಜಿ, ಅದರ ಎದುರಿಗೆ ಹೆಕ್ಕೆನ್‌ಹೌಯರ್ ಪುಸ್ತಕದಂಗಡಿ. ಮುಂದೆ ಕಾದಂಬರಿಕಾರನಾದ ಹರ್ಮನ್ ಹೆಸ್ಸೆ 1895ರಲ್ಲಿ ಹದಿಹರೆಯದಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ್ದ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ತಾಯಿಯ ತಂದೆ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಕೊಟ್ಟವರು. ಹುಡುಗ ಪುಸ್ತಕ ಜೋಡಿಸುತ್ತಿದ್ದ ಕಾಲಕ್ಕೆ ಅದೇ ಊರಿನಲ್ಲಿ ನಮ್ಮ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ವಾಸವಾಗಿದ್ದರು. ಇಬ್ಬರೂ ಅಂಗಡಿಯಲ್ಲಿ ಎದುರಾದರೋ ಏನೋ, ಆ ಮೆಟ್ಟಿಲ ಬಳಿ ನಾನು ಬಹಳ ಹೊತ್ತು ನಿಂತೆ.

ಕನ್ನಡ-ಇಂಗ್ಲಿಷ್ ನಿಘಂಟು ಕಿಟ್ಟೆಲ್ ಅವರೇ ಮೊದಲು ಮಾಡಿದ್ದಲ್ಲ. ನಮ್ಮ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1832ರಲ್ಲೇ ಒಂದನ್ನು ತಂದಿದ್ದರು. ಆದರೆ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ ಹುಬ್ಬಳ್ಳಿ, ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ಬದುಕಿ ಮಾತನ್ನು ಕಿವಿಯಾರೆ ಕೇಳಿದರು. ಕೇಶಿರಾಜ, ನಾಗವರ್ಮರ ಕೃತಿಗಳನ್ನು ಸಂಪಾದಿಸಿದ ಪಾಂಡಿತ್ಯ ಒಂದು ಕಡೆ, ಸಂತೆಯ ಗಾದೆಗಳು ಇನ್ನೊಂದು ಕಡೆ. ಒಮ್ಮೆ ತಾಯ್ನಾಡಿಗೆ ಹೋದವರು ನಿಘಂಟಿಗಾಗಿಯೇ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದರಲ್ಲಿ ಸುಮಾರು 70,000 ಪದಗಳಿದ್ದವು. ಇದು ಮೈಸೂರಿನ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯದು, ಅಂದರೆ ಧಾರವಾಡದ ಕಡೆಯದು ಎಂದು ಗುರುತು ಹಾಕಿ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಕೂರಿಸಿದರು. ನಮ್ಮನ್ನು ಬೇರೆ ಬೇರೆ ಕಚೇರಿಗಳು ಆಳುತ್ತಿದ್ದಾಗ ಅಜ್ಜಿಯ ಮಾತೂ ಅಜ್ಜನ ಮಾತೂ ಒಂದೇ ರಟ್ಟಿನೊಳಗೆ ಇದ್ದವು! ಏಕೀಕರಣಕ್ಕೆ ಇನ್ನೂ 62 ವರ್ಷ ಬಾಕಿಯಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅವರು ಅಲ್ಲೇ ತೀರಿಕೊಂಡರು.

ಸಂಜೆ ನದಿಗೆ ಇಳಿದೆವು. ಉದ್ದನೆಯ ಮರದ ದೋಣಿಯ ಹಿಂದುಗಡೆ ನಿಂತ ವಿದ್ಯಾರ್ಥಿಯೊಬ್ಬ ಕೋಲಿನಿಂದ ಒತ್ತಿ ಒತ್ತಿ ನಡೆಸುತ್ತಿದ್ದ.

“ಅಪ್ಪಾ, ನಮ್ಮಲ್ಲಿ ಹುಟ್ಟು ಅಂತಾರಲ್ಲ, ಅದೇನಾ?” ಎಂದಳು ಮಗಳು.

“ಅಲ್ಲವ್ವಾ, ಇದು ಗಳ. ಹುಟ್ಟು ನೀರನ್ನ ತಳ್ಳತೈತಿ, ಗಳ ನೆಲಾನ ತಳ್ಳತೈತಿ” ಎಂದೆ. ಎರಡೂ ಕಿಟ್ಟೆಲ್ ನಿಘಂಟಿನಲ್ಲಿವೆ, ಹರಿಗೋಲೂ ಇದೆ.