ಬೈಲಕುಪ್ಪೆಯಿಂದ ಕೆನಡಾಕ್ಕೆ: ಇವರು ಯಾವ ಊರಿನವರು?

ಬೈಲಕುಪ್ಪೆಯ ಲಾಮಾ ಕ್ಯಾಂಪ್ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ಅಲ್ಲಿನ ಮನೆಗಳಲ್ಲಿ ಈಗ ವಯಸ್ಸಾದವರೇ ಹೆಚ್ಚು ಕಾಣುತ್ತಾರೆ. ಮಕ್ಕಳೆಲ್ಲಿ ಎಂದು ಕೇಳಿದರೆ ಕೆಲವರ ಉತ್ತರ ಒಂದೇ: ಕೆನಡಾ. ಈ ದಾರಿ ಇವತ್ತಿನದಲ್ಲ, ಐವತ್ತು ವರ್ಷ ಹಳೆಯದು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟಿಯನ್ನರು ಬಂದರು. 1960ರಲ್ಲಿ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಮೀನು ಕೊಟ್ಟಿತು. ಚಳಿ ನಾಡಿನ ಜನ ಇಲ್ಲಿನ ಸೆಕೆಯಲ್ಲಿ ಕಾಡು ಕಡಿದರು, ಆನೆ ಕಾಟ ತಡೆದುಕೊಂಡು ಮುಸುಕಿನ ಜೋಳ ಬೆಳೆದರು. 1972ರಲ್ಲಿ ಹುಣಸೂರಿನ ಗುರುಪುರದಲ್ಲೂ ಕ್ಯಾಂಪ್ ಆಯಿತು.

ಇತ್ತ ಗುರುಪುರ ಸಿದ್ಧವಾಗುತ್ತಿದ್ದಾಗ ಅತ್ತ ಕೆನಡಾ ಕೂಡ 1971-72ರಲ್ಲಿ 228 ಟಿಬೆಟಿಯನ್ನರನ್ನು ಕರೆಸಿಕೊಂಡಿತು. ಯುರೋಪಿನವರಲ್ಲದ ನಿರಾಶ್ರಿತರಿಗೆ ಆ ದೇಶ ಬಾಗಿಲು ತೆರೆದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. ಅದೇ 1971ರ ಅಕ್ಟೋಬರ್ 8ರಂದು ಪ್ರಧಾನಿ ಪಿಯರ್ ಟ್ರೂಡೊ ಸಂಸತ್ತಿನಲ್ಲಿ ಹೊಸ ನೀತಿ ಪ್ರಕಟಿಸಿದರು. ಇಂಗ್ಲಿಷ್, ಫ್ರೆಂಚ್ ಎರಡೂ ಆಡಳಿತ ಭಾಷೆಗಳು, ಆದರೆ ಸರ್ಕಾರಿ ಸಂಸ್ಕೃತಿ ಅಂತ ಯಾವುದೂ ಇಲ್ಲ ಎಂಬುದು ಅದರ ಸಾರ.

ಎರಡು ದೇಶಗಳ ರೀತಿಯೇ ಬೇರೆ. ನಾವು ಒಟ್ಟಾಗಿ ಇರಲು ಜಾಗ ಕೊಟ್ಟೆವು. ಹಾಗಾಗಿ ಸೆರಾ, ನಮ್ಡ್ರೋಲಿಂಗ್‌ನಂಥ ಮಠಗಳು ಎದ್ದವು, ಭಾಷೆ ಉಳಿಯಿತು. ಆದರೆ ಕಾಗದದಲ್ಲಿ ಅವರು ವಿದೇಶಿಯರಾಗಿಯೇ ಉಳಿದರು. ಕೈಯಲ್ಲಿ ಆರ್‌ಸಿ ಪುಸ್ತಕ, ಅದನ್ನು ಆಗಾಗ ನವೀಕರಿಸಬೇಕು. ಕೆನಡಾ ಪೌರತ್ವದ ದಾರಿ ಕೊಟ್ಟಿತು, ಆದರೆ ಆ 228 ಜನರನ್ನು ಬೇರೆಬೇರೆ ಊರುಗಳಿಗೆ ಹಂಚಿತು. ಮುಂದೆ ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿ ಟಿಬೆಟಿಯನ್ನರು ತಾವಾಗಿಯೇ ಒಟ್ಟುಗೂಡಿದರು. 2018ರಲ್ಲಿ ಅಲ್ಲಿಂದ ಟಿಬೆಟ್ ಮೂಲದ ಭುಟಿಲಾ ಕಾರ್ಪೊಚೆ ಒಂಟಾರಿಯೊ ಶಾಸನಸಭೆಗೆ ಗೆದ್ದರು.

ಹಾಗಂತ ಕೆನಡಾ ಸ್ವರ್ಗವಲ್ಲ. ಹೊರಗಿನವರಿಗೆ ಜಾಗ ಕೊಟ್ಟ ದೇಶವೇ ತನ್ನ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಕಿತ್ತು ವಸತಿ ಶಾಲೆಗಳಿಗೆ ಹಾಕಿತ್ತು. ಅದಕ್ಕೆ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಲ್ಲಿರುವ, ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಾನೂನೂ ಪೂರ್ತಿ ಬಾಗಿಲು ಮುಚ್ಚಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೂ ಅನೇಕರು ಆರ್‌ಸಿ ಬಿಟ್ಟಿಲ್ಲ. ಭಾರತೀಯರಾದರೆ ಟಿಬೆಟ್ ಕೈಬಿಟ್ಟಂತೆ ಎಂಬ ಅಳುಕು ಹಿರಿಯರಲ್ಲಿದೆ.

ಇನ್ನೊಂದು ವಿಚಿತ್ರ ಕೇಳಿ. ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದವರು ಕೆನಡಾ ಪ್ರಜೆಯಾದ ಮೇಲೆ ತಾಯಿಯನ್ನು ನೋಡಲು ಬಂದು ಕ್ಯಾಂಪಿನಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು. ಆಡಿ ಬೆಳೆದ ಮನೆಗೆ ಬರಲು ಪರ್ಮಿಟ್! ಹಾಗೆ ಬಂದವರು ನಿಮ್ಮೊಡನೆ ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿದರೆ, ಅವರನ್ನು ಯಾವ ಊರಿನವರು ಅನ್ನುತ್ತೀರಿ?