ಉದ್ಯಾನಗಳ ಋತುಚರಿತ್ರೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರಷ್ಟೆ. ಅವುಗಳಲ್ಲಿ ಋತುವರ್ಣನೆ ಒಂದು, ಉದ್ಯಾನವರ್ಣನೆ ಇನ್ನೊಂದು. ಎರಡೂ ಬಹುಮಟ್ಟಿಗೆ ಕೈಹಿಡಿದುಕೊಂಡೇ ಬರುತ್ತವೆ. ವಸಂತ ಕಾಲಿಡುತ್ತದೆ, ಮಾವು ಚಿಗುರುತ್ತದೆ, ಕೋಗಿಲೆ ಉಲಿಯುತ್ತದೆ, ಅರಸನು ಅರಸಿಯೊಡನೆ ವನವಿಹಾರಕ್ಕೆ ಹೊರಡುತ್ತಾನೆ. ಆ ವನಕ್ಕೆ ನೀರೆರೆದವರು ಯಾರು, ಗ್ರೀಷ್ಮದಲ್ಲಿ ಅದರ ಗತಿ ಏನಾಯಿತು ಎಂಬುದನ್ನು ಕವಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕಾವ್ಯಕ್ಕೆ ಅದು ಬೇಡವಿರಬಹುದು, ಚರಿತ್ರೆಗೆ ಬೇಕು. ಹಳೆಯ ಮೈಸೂರು ಸೀಮೆಯ ಸಾರ್ವಜನಿಕ ಉದ್ಯಾನಗಳನ್ನು ಬೇರೆ ಬೇರೆ ಮಾಸಗಳಲ್ಲಿ ನೋಡುತ್ತ ಬಂದವನು ನಾನು. ಒಂದೊಂದು ಋತುವಿನಲ್ಲಿ ಆ ಚರಿತ್ರೆಯ ಬೇರೊಂದು ಪುಟವೇ ತೆರೆಯುತ್ತದೆಂದು ನನಗೆ ತೋರಿದೆ.

ಮೊದಲು ಬೆಂಗಳೂರಿನ ಲಾಲ್‌ಬಾಗು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಲ್ಲಿಗೆ ಹೋದವರಿಗೆ ಕಾಣುವುದು ಆಳಿದವರ ಪುಟ. 1760ರಲ್ಲಿ ಹೈದರಾಲಿ ತೋಟವನ್ನು ಹಾಕಿಸಿದ. ಟಿಪ್ಪು ಅದನ್ನು ಬೆಳೆಸಿದ. 1799ರ ಬಳಿಕ ಅದು ಇಂಗ್ಲಿಷರ ಕೈಸೇರಿ, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಜನ ಸಾಲುಗಟ್ಟಿ ಒಳಹೊಗುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಇದೆಲ್ಲ ಫಲಕಗಳಲ್ಲಿ ಓದಬಹುದಾದ ಚರಿತ್ರೆ. ಆದರೆ ಅನತಿದೂರದಲ್ಲಿಯೇ, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯೊಂದಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ನಿಂತು ನೋಡಿದರೆ ಹೈದರನೂ ಆಲ್ಬರ್ಟ್ ವಿಕ್ಟರನೂ ನಿನ್ನೆ ಮೊನ್ನೆಯವರು.

ಅದೇ ಲಾಲ್‌ಬಾಗಿಗೆ ವೈಶಾಖದಲ್ಲಿ ಹೋಗಬೇಕು. ಹುಲ್ಲು ಕಂದಿರುತ್ತದೆ, ಬಂಡೆ ಕಾದಿರುತ್ತದೆ. 1800ರ ಮೇ ತಿಂಗಳಿನಲ್ಲಿ, ಇಂಥದೇ ಬಿಸಿಲಿನಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಬೆಂಗಳೂರಿಗೆ ಬಂದಿದ್ದ. ಟಿಪ್ಪು ಮಡಿದು ಒಂದು ವರ್ಷವಾಗಿತ್ತು. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ ಎಂದು ನೋಡಿ ಬರೆಯಲು ಕಂಪೆನಿ ಅವನನ್ನು ಕಳುಹಿಸಿತ್ತು. ಸುಲ್ತಾನರ ತೋಟಗಳ ಚೌಕ ಚೌಕವಾದ ಪಾತಿಗಳು, ನಡುವಣ ಹಾದಿಗಳ ಅಂಚಿನಲ್ಲಿ ನಿಂತ ಸೈಪ್ರೆಸ್ ಮರಗಳು, ಒಂದು ಪಾತಿಯ ತುಂಬ ಗುಲಾಬಿ, ಮತ್ತೊಂದರ ತುಂಬ ದಾಳಿಂಬೆ, ಇವನ್ನೆಲ್ಲ ಅವನು ಗುರುತಿಸಿದ್ದಾನೆ. ಆಫ್ರಿಕದ ದಕ್ಷಿಣ ತುದಿಯಿಂದ ಬಂದ ಪೈನ್ ಮತ್ತು ಓಕ್ ಸಸಿಗಳು ಆಗಲೇ ಅಲ್ಲಿ ಬೇರೂರುತ್ತಿದ್ದುವು. ಇಷ್ಟನ್ನು ಹೇಳಿ, ಈ ತೋಟಗಳ ದೊಡ್ಡ ಕೊರತೆ ನೀರು ಎನ್ನುತ್ತಾನೆ. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳು, ನೀರೆತ್ತಲು ಕಪಿಲೆ. ಆ ಕನ್ನಡ ಪದವನ್ನೇ ಅವನು ತನ್ನ ಇಂಗ್ಲಿಷಿಗೆ ತಕ್ಕಂತೆ ತಿದ್ದಿ ಬರೆದುಕೊಂಡಿದ್ದಾನೆ. ಎತ್ತುಗಳ ಜೋಡಿ ಇಳಿಜಾರಿನಲ್ಲಿ ಕೆಳಗೆ ನಡೆಯಬೇಕು, ಚರ್ಮದ ಚೀಲ ತುಂಬಿ ಮೇಲೆ ಬರಬೇಕು. ಅವು ಹಿಮ್ಮೆಟ್ಟಬೇಕು, ಚೀಲ ಮತ್ತೆ ಬಾವಿಗಿಳಿಯಬೇಕು. ಬೇಸಗೆಯುದ್ದಕ್ಕೂ ಇದೇ ಕೆಲಸ. ಗುಲಾಬಿಯ ಪಾತಿಯನ್ನು ಸುಲ್ತಾನನ ರಸಿಕತೆಗೆ ಸಾಕ್ಷಿಯಾಗಿ ಎತ್ತಿ ಹೇಳುವ ನಾವು ಆ ಎತ್ತುಗಳನ್ನೂ ಅವುಗಳ ಹಿಂದಿದ್ದವನನ್ನೂ ಮರೆಯುತ್ತೇವೆ. ಕಪಿಲೆ ಹೊಡೆದವನ ಹೆಸರಿನ ಫಲಕ ಎಲ್ಲಿಯೂ ಇಲ್ಲ. ಬೆಂಗಳೂರಿನ ಸುತ್ತ ತೋಟಗಾರಿಕೆಯನ್ನೇ ವೃತ್ತಿಯಾಗಿ ಹಿಡಿದ ತಿಗಳರನ್ನು ನಗರವು ಇಂದು ನೆನೆಯುವುದು ಮುಖ್ಯವಾಗಿ ಚೈತ್ರದ ಹುಣ್ಣಿಮೆಯ ರಾತ್ರಿ, ಕರಗ ಹೊರಡುವಾಗ.

ಚೈತ್ರ ವೈಶಾಖಗಳ ಇನ್ನೊಂದು ಪುಟ ಮರಗಳ ಮೇಲೆಯೇ ಬರೆದಿದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1956ರಲ್ಲಿ ಇಲ್ಲಿಯೇ ಮಣ್ಣಾದರು. ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಮತ್ತೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸುವುದು ಅವರ ಕ್ರಮ. ಇಂದು ನಮ್ಮ ಕವಿಗಳು ಬೆಂಗಳೂರಿನ ವಸಂತವೆಂದು ಹಾಡುವ ನೀಲಿಯ ಜಕರಾಂಡ ಅಮೆರಿಕದ್ದು, ಕೆಂಪಿನ ಗುಲ್‌ಮೊಹರು ಮಡಗಾಸ್ಕರಿನದು. ಪಂಪನಿಗಾಗಲಿ ಜನ್ನನಿಗಾಗಲಿ ಈ ವಸಂತ ಗೊತ್ತಿರಲಿಲ್ಲ! ಆದರೂ ಇದು ನಮ್ಮದಲ್ಲವೆನ್ನಲು ನನಗೆ ನಾಲಗೆ ಏಳದು. ಗುಲ್‌ಮೊಹರಿನ ಉದ್ದನೆಯ ಕಾಯಿಗಳನ್ನು ಹಿರಿದು ಕಾದಾಡಿದ ಹುಡುಗರು ಅದನ್ನು ಕತ್ತಿಕಾಯಿ ಮರವೆಂದರು. ಆಫ್ರಿಕದಿಂದ ಬಂದ ಮತ್ತೊಂದರ ಮೊಗ್ಗನ್ನು ಹಿಸುಕಿ ನೀರು ಚಿಮ್ಮಿಸಿ, ನೀರುಕಾಯಿ ಮರವೆಂದರು. ಹೊರಗಿನಿಂದ ಬಂದದ್ದಕ್ಕೆ ‘ಸೀಮೆ’ ಎಂಬ ಮುದ್ರೆಯೊತ್ತಿ ಒಳಗೆ ಬಿಟ್ಟುಕೊಳ್ಳುವುದು ಕನ್ನಡದ ಹಳೆಯ ಪದ್ಧತಿ. ಸೀಮೆಹುಣಿಸೆ, ಸೀಮೆಬದನೆ ಹಾಗೆಯೇ ಬಂದುವು. ಕತ್ತಿಕಾಯಿಗೆ ಆ ಮುದ್ರೆಯೂ ಬೇಕಾಗಲಿಲ್ಲ.

ಹೆಸರಿನ ಮಾತು ಬಂದದ್ದರಿಂದ ಕಬ್ಬನ್ ಪಾರ್ಕನ್ನು ಇಲ್ಲಿಯೇ ನೆನೆಯಬಹುದು. ಸ್ಯಾಂಕಿಯ ಯೋಜನೆಯಂತೆ 1870ರಲ್ಲಿ ಸಿದ್ಧವಾದಾಗ ಅದು ಮೀಡ್ಸ್ ಪಾರ್ಕು. ಬಳಿಕ ಕಬ್ಬನ್ನನ ಹೆಸರು ಬಂತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ವಿಧಿವತ್ತಾಗಿ ನಾಮಕರಣವಾಯಿತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಕಬ್ಬನ್ ಪಾರ್ಕೇ. ಹೆಸರಿಗಿಂತ ನೆಲವನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಕಚೇರಿ, ಕಟ್ಟಡ, ಸಂಘಗಳು ಒಂದೊಂದಾಗಿ ಒಳಹೊಕ್ಕ ಮೇಲೆ, 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಕಾಯಿದೆಯ ಅನಂತರವೂ ನಾಗರಿಕರು ಕಾವಲು ಕಾಯುವುದು ತಪ್ಪಿಲ್ಲ.

ಶ್ರಾವಣಕ್ಕೆ ಕನ್ನಂಬಾಡಿ. ಕೊಡಗಿನಲ್ಲಿ ಮಳೆ ಚೆನ್ನಾಗಿ ಹಿಡಿದ ವರ್ಷ ಕೃಷ್ಣರಾಜಸಾಗರ ತುಂಬಿ ನಿಂತಿರುತ್ತದೆ. ಕಟ್ಟೆಯ ಕೆಳಗೆ ಬೃಂದಾವನದ ಕಾರಂಜಿಗಳು ಕುಣಿಯುತ್ತಿರುತ್ತವೆ. ದಿವಾನ್ ಮಿರ್ಜಾ ಇಸ್ಮಾಯಿಲರು ಕಾಶ್ಮೀರದ ಶಾಲಿಮಾರನ್ನು ಮನಸ್ಸಿನಲ್ಲಿಟ್ಟುಕೊಂಡು, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಈ ತೋಟವನ್ನು ಮಾಡಿಸಿದರು. ಬುಕಾನನ್ ಕಂಡ ಕೊರತೆ ಇಲ್ಲಿಲ್ಲ. ಕಪಿಲೆ ಬೇಡ, ಎತ್ತು ಬೇಡ. ನೀರು ತಾನಾಗಿಯೇ ಇಳಿದು ಬರುತ್ತದೆ. ಮಂಡ್ಯದ ಬಯಲಿಗೆ ಕಬ್ಬು ಭತ್ತಗಳನ್ನು ಕೊಟ್ಟ ನೀರು ಇದು; ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಬೃಂದಾವನವನ್ನು ನೋಡಬೇಕಾದ ಇನ್ನೊಂದು ಕಾಲವಿದೆ, ಮಳೆ ತಪ್ಪಿದ ವರ್ಷದ ಬೇಸಗೆ. ಆಗ ಕಟ್ಟೆಯ ಮೇಲಿನಿಂದ ಈಚೆಗೆ ತೋಟವನ್ನೂ ಆಚೆಗೆ ಬತ್ತಿದ ಜಲಾಶಯವನ್ನೂ ಒಟ್ಟಿಗೆ ನೋಡಬಹುದು. ಈ ನೀರಿನಡಿ ಹಳೆಯ ಕನ್ನಂಬಾಡಿ ಇತ್ತು. ಊರಿನವರು ಮನೆಮಠಗಳನ್ನು ಬಿಟ್ಟು ಮೇಲಿನ ನೆಲಕ್ಕೆ ಹೋದರು. ಹೊಯ್ಸಳರ ಕಾಲದ ವೇಣುಗೋಪಾಲನ ದೇಗುಲ ನೀರಿನಲ್ಲಿ ಉಳಿಯಿತು. ನೀರು ತೀರ ಇಳಿದ ವರ್ಷಗಳಲ್ಲಿ ಅದರ ಕಲ್ಲುಗಳು ಮೇಲೆದ್ದು ಕಾಣುತ್ತಿದ್ದುವು, ಜನ ಕೆಸರು ತುಳಿದು ಹೋಗಿ ನೋಡಿ ಬರುತ್ತಿದ್ದರು. ಆ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ತಂದು, ಹೊಸ ಕನ್ನಂಬಾಡಿಯ ದಡದ ಮೇಲೆ ಈಗ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಬೃಂದಾವನಕ್ಕೆ ಹೋದವರು ಸ್ವಲ್ಪ ಬಳಸು ದಾರಿಯಾದರೂ ಅಲ್ಲಿಗೂ ಹೋಗಿ ಬರಬೇಕು.