ಸರಕು ಹಡಗುಗಳಲ್ಲಿ ಆಧುನಿಕ ಹಾಯಿ

ಆಧುನಿಕ ಹಾಯಿ ಎಂಬುದು ಎಂಜಿನ್ ಚಾಲಿತ ಸರಕು ಹಡಗಿನ ಮೇಲೆ ಅಳವಡಿಸಿ, ಗಾಳಿಯ ಬಲದಿಂದ ಇಂಧನದ ಬಳಕೆಯನ್ನು ತಗ್ಗಿಸುವ ಸಾಧನ. ಹಳೆಯ ಹಾಯಿಹಡಗಿಗೆ ಗಾಳಿಯೇ ಚಾಲಕಶಕ್ತಿಯಾಗಿತ್ತು. ಇಲ್ಲಿ ಅದು ಎಂಜಿನ್ನಿಗೆ ಸಹಾಯಕ ಮಾತ್ರ. ಗಾಳಿ ಅನುಕೂಲವಾಗಿದ್ದಾಗ ಎಂಜಿನ್ನಿನ ಹೊರೆಯನ್ನು ಇಳಿಸಿ ಹಡಗು ಅದೇ ವೇಗದಲ್ಲಿ ಸಾಗಬಲ್ಲದು. ಒಂದು ಟನ್ ಹಡಗಿನ ತೈಲ ಉರಿದರೆ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮಾನವ ಚಟುವಟಿಕೆಯಿಂದ ಉಂಟಾಗುವ ಹಸಿರುಮನೆ ಅನಿಲಗಳಲ್ಲಿ ಹಡಗು ಸಾಗಣೆಯ ಪಾಲು ಶೇ. 3ರ ಆಸುಪಾಸಿನಲ್ಲಿದೆ.

ಹಿನ್ನೆಲೆ

ಕರ್ನಾಟಕದ ಕರಾವಳಿಯ ಕಡಲ ವ್ಯಾಪಾರವು ಶತಮಾನಗಳ ಕಾಲ ಮಾನ್ಸೂನ್ ಮಾರುತಗಳನ್ನೇ ನಂಬಿತ್ತು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಸರಕು ಏಡನ್ನಿಗೆ ಹೋಗಿಬರುತ್ತಿದ್ದುದೂ ಈ ಗಾಳಿಯ ಋತುಗಳಿಗೆ ಅನುಗುಣವಾಗಿಯೇ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮೊದಲು ಹಾಯಿಯಿಂದ ನಡೆಯುತ್ತಿದ್ದವು. ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ತೆಂಗಿನ ನಾರು, ಕೊಬ್ಬರಿಗಳಿಗೆ ಮಂಗಳೂರೇ ಪೇಟೆ. ಈಗ ಮಂಜಿಗಳನ್ನು ನಡೆಸುವುದು ಡೀಸೆಲ್ ಎಂಜಿನ್. ಆದರೂ ಮಳೆಗಾಲದಲ್ಲಿ ಅವುಗಳ ಸಂಚಾರ ನಿಲ್ಲುತ್ತದೆ.

ಯುರೋಪಿನಲ್ಲಿ ಜರ್ಮನಿಯ ಆಂಟನ್ ಫ್ಲೆಟ್ನರ್ 1924ರಲ್ಲಿ 'ಬುಕಾವು' ಎಂಬ ಹಡಗಿಗೆ ಬಟ್ಟೆಯ ಹಾಯಿಯ ಬದಲು ಎರಡು ತಿರುಗುವ ಕಂಬಗಳನ್ನು ಜೋಡಿಸಿದನು. 1926ರಲ್ಲಿ ಆ ಹಡಗು ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ತಲುಪಿತು. ಉಪಕರಣ ಕೆಲಸ ಮಾಡಿತು; ಆದರೆ ತೈಲ ಅಗ್ಗವಾಗಿದ್ದುದರಿಂದ ಕೊಳ್ಳುವವರು ಬರಲಿಲ್ಲ. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಜಪಾನ್ 1980ರಲ್ಲಿ ಹಾಯಿಯುಳ್ಳ 'ಶಿನ್ ಐತೊಕು ಮಾರು' ಎಂಬ ಟ್ಯಾಂಕರನ್ನು ನೀರಿಗಿಳಿಸಿತು. ತೈಲದ ಬೆಲೆ ಕುಸಿದಾಗ ಆ ಆಸಕ್ತಿಯೂ ಇಳಿಯಿತು. ಅಂತಾರಾಷ್ಟ್ರೀಯ ಕಡಲ ಸಂಸ್ಥೆಯು 2050ರ ಸುಮಾರಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು 2023ರಲ್ಲಿ ಅಂಗೀಕರಿಸಿದ್ದು ಈಗಿನ ಮೂರನೆಯ ಪ್ರಯತ್ನಕ್ಕೆ ಬಲ ನೀಡಿದೆ.

ಕಾರ್ಯವಿಧಾನ

ಗಡಸು ರೆಕ್ಕೆ-ಹಾಯಿಯು ನೆಟ್ಟಗೆ ನಿಲ್ಲಿಸಿದ ವಿಮಾನದ ರೆಕ್ಕೆಯಂತಿರುತ್ತದೆ. ಅದರ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆಯಾಗಿ, ಹಡಗು ಮುಂದಕ್ಕೆ ಸೆಳೆಯಲ್ಪಡುತ್ತದೆ. ಗಾಳಿಯ ದಿಕ್ಕಿಗೆ ತಕ್ಕಂತೆ ಹಾಯಿಯನ್ನು ತಿರುಗಿಸುವುದು ಸಂವೇದಕಗಳ ಹಾಗೂ ಗಣಕದ ಕೆಲಸ. ಹಗ್ಗ ಎಳೆಯುವ ಖಲಾಸಿಗಳು ಬೇಕಿಲ್ಲ. ರೋಟರ್ ಹಾಯಿ, ಅಂದರೆ ಫ್ಲೆಟ್ನರನ ಕಂಬ, ಮ್ಯಾಗ್ನಸ್ ಪರಿಣಾಮವನ್ನು ಅವಲಂಬಿಸಿದೆ. ಕ್ರಿಕೆಟ್ಟಿನಲ್ಲಿ ಸ್ಪಿನ್ ಬೌಲರನ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಪಕ್ಕಕ್ಕೆ ಸರಿಯುವುದೂ ಇದರಿಂದಲೇ. ಕಂಬವನ್ನು ತಿರುಗಿಸಲು ಸ್ವಲ್ಪ ವಿದ್ಯುತ್ ಬೇಕಾಗುತ್ತದೆ. ಗಾಳಿಯನ್ನು ಹೀರಿಕೊಳ್ಳುವ ಹಾಯಿ ಮತ್ತು ಮೂತಿಯಿಂದ ಹಾರಿಸುವ ದೊಡ್ಡ ಗಾಳಿಪಟ ಉಳಿದ ವಿಧಗಳು.

ಉಳಿತಾಯದ ಅಳತೆ

ತಯಾರಕರ ಅಂಕಿಗಳಿಗಿಂತ ಪ್ರಯಾಣದಲ್ಲಿ ಅಳೆದ ಅಂಕಿಗಳು ಹೆಚ್ಚು ಉಪಯುಕ್ತ. 30 ಮೀಟರ್ ಎತ್ತರದ ಎರಡು ರೋಟರುಗಳಿದ್ದ 'ಮೇರ್ಸ್ಕ್ ಪೆಲಿಕನ್' ಟ್ಯಾಂಕರಿನಲ್ಲಿ 2018–19ರ ಒಂದು ವರ್ಷದ ಉಳಿತಾಯ ಶೇ. 8.2 ಎಂದು ಲಾಯ್ಡ್ಸ್ ರಿಜಿಸ್ಟರ್ ದೃಢಪಡಿಸಿತು. 2023ರ ಆಗಸ್ಟ್‌ನಲ್ಲಿ 37.5 ಮೀಟರಿನ ಎರಡು ರೆಕ್ಕೆಗಳೊಡನೆ ಹೊರಟ 'ಪಿಕ್ಸಿಸ್ ಓಷನ್' ಆರು ತಿಂಗಳಲ್ಲಿ ಸರಾಸರಿ ದಿನಕ್ಕೆ 3 ಟನ್ ಇಂಧನ ಉಳಿಸಿತೆಂದು ಅದನ್ನು ಬಾಡಿಗೆಗೆ ಪಡೆದ ಕಾರ್ಗಿಲ್ ಕಂಪನಿ ತಿಳಿಸಿದೆ. ಅತ್ಯನುಕೂಲ ಗಾಳಿಯಲ್ಲಿ ಈ ಪ್ರಮಾಣ 11 ಟನ್ನಿಗೇರಿತ್ತು. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಎರಡನೆಯ ಬಗೆಯ ಅಂಕಿ. ಹಡಗಿನ ಮಾಲೀಕನ ಲೆಕ್ಕಕ್ಕೆ ಬರುವುದು ಮೊದಲನೆಯದು.

ಮಿತಿಗಳು

ಎದುರು ಗಾಳಿಯಲ್ಲಿ ಹಾಯಿಯಿಂದ ಪ್ರಯೋಜನವಿಲ್ಲ. ಹಡಗು ವೇಗವಾಗಿ ಓಡಿದಷ್ಟೂ ಗಾಳಿ ಮುಂದಿನಿಂದಲೇ ಬೀಸಿದಂತಾಗುವುದರಿಂದ ನಿಧಾನಗತಿಯ ಹಡಗುಗಳಿಗೆ ಲಾಭ ಹೆಚ್ಚು. ಕಂಟೇನರ್ ಹಡಗುಗಳ ಮೇಲಟ್ಟದಲ್ಲಿ ಹಾಯಿಗೆ ಜಾಗವೂ ಕಡಿಮೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾತೈಲ, ಕಲ್ಲಿದ್ದಲು ತರುವ ಟ್ಯಾಂಕರು ಮತ್ತು ಬಲ್ಕ್ ಹಡಗುಗಳು ಇಂತಹ ಹಾಯಿಗೆ ಹೊಂದುವ ಜಾತಿಗೇ ಸೇರಿದವು. ಆದರೆ ಎತ್ತರದ ಹಾಯಿ ಬಂದರಿನ ಕ್ರೇನುಗಳಿಗೆ ಅಡ್ಡಬರಬಹುದು. ಈ ಕಾರಣದಿಂದ 2021ರಲ್ಲಿ ಐದು ರೋಟರುಗಳನ್ನು ಪಡೆದ ಅದಿರು ಹಡಗು 'ಸೀ ಝೌಶಾನ್'ನಲ್ಲಿ ಕಂಬಗಳನ್ನು ಮಲಗಿಸುವ ವ್ಯವಸ್ಥೆಯಿದೆ.